ಒಡ್ಡು ಕಾಯುವವರ ಕೂಲಿ



ದತ್ತಿಯೊಂದು ಹೇಗೆ ನಡೆಯುತ್ತದೆಂದು ಈ ದತ್ತಿ ಕಾರ್ಯಕ್ರಮಕ್ಕೆ ಬಂದಿರುವ ಎಲ್ಲರಿಗೂ ಗೊತ್ತು. ಮೂಲಧನ ಬ್ಯಾಂಕಿನಲ್ಲಿರುತ್ತದೆ, ಅದನ್ನು ಯಾರೂ ಮುಟ್ಟುವುದಿಲ್ಲ. ವರ್ಷಾವರ್ಷ ಬರುವ ಬಡ್ಡಿಯಲ್ಲಿ ಕಾರ್ಯಕ್ರಮ ಆಗುತ್ತದೆ. ಇಟ್ಟವರು ಹೋದ ಮೇಲೂ ಆಗುತ್ತದೆ. ನಾನು ಇಂದು ಮಾತಾಡಲು ಆರಿಸಿಕೊಂಡಿರುವ ವಿಷಯ, ಮಣ್ಣು ಮತ್ತು ನೀರನ್ನು ಉಳಿಸುವ ಕೆಲಸಕ್ಕೆ ಸರ್ಕಾರ ರೈತರಿಗೆ ಕೊಡುವ ಸಹಾಯಧನ. ಆ ಹಣಕ್ಕೆ ದತ್ತಿಯ ಈ ಗುಣ ಇಲ್ಲ ಎಂಬುದೇ ನನ್ನ ತಕರಾರು. ಅದು ಒಮ್ಮೆ ಬರುತ್ತದೆ, ಒಂದು ಹೊಂಡವೋ ಒಡ್ಡೋ ಆಗುತ್ತದೆ, ಫೋಟೋ ಏರುತ್ತದೆ, ಕಡತ ಮುಚ್ಚುತ್ತದೆ. ಮರುವರ್ಷದ ಮಳೆಗೆ ಆ ಒಡ್ಡು ಹರಿದರೆ ಕಟ್ಟುವವರು ಯಾರು, ಯಾವ ಹಣದಿಂದ? ಕಟ್ಟಿದ್ದಕ್ಕೆ ನಾವು ಕೊಡುತ್ತೇವೆ, ಕಾಯ್ದದ್ದಕ್ಕೆ ಕೊಡುವುದಿಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿ, ಈ ಮೂರು ತಾಲ್ಲೂಕುಗಳ ನೆಲವನ್ನೇ ಮುಂದಿಟ್ಟುಕೊಂಡು ಈ ಮಾತನ್ನು ವಿವರಿಸುತ್ತೇನೆ.

ಮೂರೂ ರಾಯಚೂರು ಜಿಲ್ಲೆಯವೇ ಆದರೂ ಒಂದೇ ಬಗೆಯವಲ್ಲ. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ಊರು. ಭತ್ತ, ರೈಸ್ ಮಿಲ್ಲು, ಟ್ರ್ಯಾಕ್ಟರ್ ಶೋರೂಮುಗಳ ಊರು. ಲಿಂಗಸುಗೂರಿನಲ್ಲಿ ಕಲ್ಲುಗುಡ್ಡ, ಮಸಾರಿ, ನಡುನಡುವೆ ಎರೆ. ಹಟ್ಟಿಯ ಚಿನ್ನದ ಗಣಿ, ಮುದಗಲ್ಲಿನ ಕೋಟೆ ಇರುವ ಆ ತಾಲ್ಲೂಕಿನ ಒಂದಿಷ್ಟು ಭಾಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು, ಉಳಿದದ್ದಕ್ಕೆ ಮುಗಿಲೇ ಗತಿ. ಈಚೆಗೆ ತಾಲ್ಲೂಕಾದ ಮಸ್ಕಿ ಈ ಎರಡರ ನಡುವೆ ಕೂತಿದೆ. ಒಂದು ಮಗ್ಗುಲಲ್ಲಿ ಕಾಲುವೆಯ ಹಸಿರು ಕಾಣುತ್ತದೆ, ಇನ್ನೊಂದು ಮಗ್ಗುಲಲ್ಲಿ ನೀರಿಗಾಗಿ ಧರಣಿ ಕೂತ ಹಳ್ಳಿಗಳಿವೆ. ಪಾಮನಕಲ್ಲೂರಿನಲ್ಲಿ 5ಎ ಕಾಲುವೆಗಾಗಿ ರೈತರು ತಿಂಗಳುಗಟ್ಟಲೆ ಕೂತದ್ದು ಹಳೆಯ ಸುದ್ದಿಯೇನಲ್ಲ. ಇಡೀ ಸೀಮೆಯ ಸರಾಸರಿ ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ಅದೂ ಹದವಾಗಿ ಬರುವುದಿಲ್ಲ. ಜೂನ್, ಜುಲೈ ಸುಮ್ಮನೆ ಕಳೆದು, ಸೆಪ್ಟೆಂಬರಿನಲ್ಲಿ ಒಂದೇ ರಾತ್ರಿ ಹೊಲ ಕೊಚ್ಚಿಕೊಂಡು ಹೋಗುವ ಹಾಗೆ ಬರುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆಯನ್ನು ಕಂಡವರು ಈ ಸಭೆಯಲ್ಲಿ ಬಹಳ ಜನ ಇದ್ದೀರಿ. ಮನೆಗಳು ಬಿದ್ದದ್ದಕ್ಕೆ ಲೆಕ್ಕವಾಯಿತು. ಒಡ್ಡು ಒಡೆದು ಹರಿದುಹೋದ ಮೇಲ್ಮಣ್ಣಿಗೆ ಪರಿಹಾರ ಸಿಗಲಿಲ್ಲ, ಸಿಗುವಂಥದ್ದೂ ಅಲ್ಲ.

ಮೊದಲು ಕೃಷಿ ಹೊಂಡದ ಮಾತು. 2014-15ರಲ್ಲಿ ರಾಜ್ಯ ಸರ್ಕಾರ ಕೃಷಿ ಭಾಗ್ಯ ಯೋಜನೆ ತಂದಿತು. ಮಳೆಯನ್ನೇ ನಂಬಿದ ರೈತರಿಗೆ ಕ್ಷೇತ್ರ ಬದು, ಹೊಂಡ, ಹೊಂಡಕ್ಕೆ ಪಾಲಿಥಿನ್ ಹೊದಿಕೆ, ನೀರೆತ್ತಲು ಪಂಪ್‌ಸೆಟ್, ಹಾಯಿಸಲು ತುಂತುರು ಅಥವಾ ಹನಿ ಸಲಕರಣೆ, ಇವೆಲ್ಲ ಒಟ್ಟಿಗೆ. ಸಾಮಾನ್ಯ ವರ್ಗದವರಿಗೆ ನೂರಕ್ಕೆ 80, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ನೂರಕ್ಕೆ 90 ಸಹಾಯಧನ. ಮಧ್ಯೆ ಕೆಲವು ವರ್ಷ ಯೋಜನೆ ನಿಂತಿತು. 2023-24ರಲ್ಲಿ 100 ಕೋಟಿ ರೂಪಾಯಿಯೊಂದಿಗೆ 24 ಜಿಲ್ಲೆಗಳ 106 ತಾಲ್ಲೂಕುಗಳಲ್ಲಿ ಮತ್ತೆ ಶುರುವಾಯಿತು. ಈ ಯೋಜನೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಒಣಭೂಮಿಯ ರೈತನಿಗೆ ನೀರಾವರಿ ಎಂದರೆ ಎಲ್ಲೋ ದೂರದ ಅಣೆಕಟ್ಟು ಎಂದು ನಂಬಿಸಿಟ್ಟಿದ್ದ ಕಾಲದಲ್ಲಿ, ನಿನ್ನ ಹೊಲದ ಮೇಲೆ ಬಿದ್ದ ಮಳೆ ನಿನ್ನದೇ ಎಂದು ಹೇಳಿದ ಯೋಜನೆ ಅದು.

ಒಂದು ಹೊಂಡವನ್ನು ಹತ್ತಿರದಿಂದ ನೋಡೋಣ. 15 ಮೀಟರ್ ಉದ್ದ, 15 ಮೀಟರ್ ಅಗಲ, 3 ಮೀಟರ್ ಆಳ. ಗೋಡೆಗಳನ್ನು ಇಳಿಜಾರಾಗಿ ಕಡಿಯಬೇಕಾದ್ದರಿಂದ ತಳಕ್ಕೆ ಬರುವ ಹೊತ್ತಿಗೆ 9 ಮೀಟರಿಗೆ ಇಳಿಯುತ್ತದೆ. ತುಂಬಿದರೆ 441 ಘನ ಮೀಟರ್, ಅಂದರೆ ಸುಮಾರು 4.4 ಲಕ್ಷ ಲೀಟರ್. ಒಂದು ಎಕರೆಗೆ 5 ಸೆಂಟಿಮೀಟರ್ ನೀರು ಕೊಡಬೇಕಾದರೆ 2 ಲಕ್ಷ ಲೀಟರ್ ಬೇಕು. ಹೊಂಡ ತುಂಬಿದ್ದರೆ ಒಂದು ಎಕರೆಗೆ ಎರಡು ಸಲ ನೀರು ಆಯಿತು. ಇಷ್ಟೇ ಏನು ಎಂದು ಕೇಳಬೇಡಿ. ತೊಗರಿ ಹೂ ಕಟ್ಟುವ ಹೊತ್ತಿಗೆ ಒಂದು ನೀರು, ಕಾಯಿ ತುಂಬುವಾಗ ಒಂದು ನೀರು ಸಿಕ್ಕರೆ ಬೆಳೆಯ ಹಣೆಬರಹವೇ ಬದಲಾಗುತ್ತದೆ. ಹಿಂಗಾರಿ ಕಡಲೆಗೂ ಬಿಳಿಜೋಳಕ್ಕೂ ಹಾಗೆಯೇ. ಐದು ಎಕರೆ ಇಳಿಜಾರು ಹೊಲದ ಮೇಲೆ 30 ಮಿಲಿಮೀಟರ್ ಮಳೆಯಾಗಿ ಅದರ ಐದನೇ ಒಂದು ಪಾಲು ಹರಿದು ಬಂದರೂ ಅಂಥ ನಾಲ್ಕು ಮಳೆಗೆ ಹೊಂಡ ತುಂಬುತ್ತದೆ.

ಆದರೆ ಹರಿದು ಬರುವ ನೀರು ಮಣ್ಣನ್ನು ಹೊತ್ತೇ ಬರುತ್ತದೆ. ಅದಕ್ಕಾಗಿಯೇ ಹೊಂಡದ ಬಾಯಿಗೆ ಮೊದಲು ಒಂದು ಹೂಳು ತಡೆಯುವ ಗುಂಡಿ ಇರಬೇಕು. ಆ ಗುಂಡಿ ಒಂದು ಮಳೆಗಾಲಕ್ಕೇ ತುಂಬುತ್ತದೆ. ಅದನ್ನು ಬಳಿದು ತೆಗೆಯದಿದ್ದರೆ ಮರುವರ್ಷ ಹೂಳು ನೆಟ್ಟಗೆ ಹೊಂಡದೊಳಗೆ ಇಳಿಯುತ್ತದೆ. ಮಸಾರಿ ಹೊಲದಲ್ಲಿ ಹೊದಿಕೆ ಇಲ್ಲದೆ ನೀರು ನಿಲ್ಲುವುದಿಲ್ಲ. ಹೊದಿಕೆಯ ಅಂಚನ್ನು ಮೇಲೆ ಕಾಲುವೆ ತೋಡಿ ಮಣ್ಣಿನಲ್ಲಿ ಹೂತಿರುತ್ತಾರೆ. ನೀರು ಕುಡಿಯಲು ಇಳಿದ ಕುರಿ ಮೇಕೆಗಳ ಗೊರಸಿಗೆ ಅದು ಹರಿಯುತ್ತದೆ, ಬಿಸಿಲಿಗೆ ಸುಕ್ಕುಗಟ್ಟಿ ಸೀಳುತ್ತದೆ. ಒಂದು ಅಂಗೈ ಅಗಲದ ಹರಕು ಸಾಕು, ನವೆಂಬರಿನಲ್ಲಿ ತುಂಬಿದ್ದ ಹೊಂಡ ಜನವರಿಗೆ ತಳ ಕಾಣುತ್ತದೆ. ಎರೆ ಭೂಮಿಯಲ್ಲಿ ಈ ಕಾಟ ಕಡಿಮೆ. ಅಲ್ಲಿ ಬೇರೆ ಕಾಟ, ದಂಡೆ ಬಿರುಕು ಬಿಟ್ಟು ಕುಸಿಯುತ್ತದೆ. ಇನ್ನು ಬೇಲಿ. ಜಾರುವ ಹೊದಿಕೆಯ ಹೊಂಡಕ್ಕೆ ಇಳಿದ ಮಗು ಮೇಲೆ ಹತ್ತಿ ಬರಲಾರದು. ಊರೂರಲ್ಲಿ ಜೀವಗಳು ಹೋದ ಮೇಲೆ ತಂತಿ ಬೇಲಿಯನ್ನೂ ಯೋಜನೆಯೊಳಗೆ ಸೇರಿಸಿದರು. ಆ ಬೇಲಿಯ ಕಂಬ ಬಿದ್ದರೆ ಎತ್ತಿ ನಿಲ್ಲಿಸುವುದು ಯಾರ ಕೆಲಸ? ಹೂಳು ತೆಗೆಯುವ ನಾಲ್ಕಾಳಿನ ಕೂಲಿ, ಹರಕು ಮುಚ್ಚುವ ಖರ್ಚು, ಬೇಲಿಯ ರಿಪೇರಿ, ಇವಕ್ಕೆ ಕೃಷಿ ಭಾಗ್ಯದಲ್ಲಿ ಹಣವಿಲ್ಲ. ಒಮ್ಮೆ ಫಲಾನುಭವಿಯಾದವನು ಮತ್ತೆ ಫಲಾನುಭವಿಯಲ್ಲ. ಹೊಸ ಹೊಂಡ ತೋಡಲು ಸರ್ಕಾರದ ಬಳಿ ಹಣವಿದೆ, ಇರುವ ಹೊಂಡವನ್ನು ಹೊಂಡವಾಗಿಯೇ ಉಳಿಸಲು ಇಲ್ಲ.

ಒಡ್ಡಿನ ಕಥೆ ಇನ್ನೂ ಹಳೆಯದು. 1930ರ ದಶಕದಲ್ಲಿ ದೇಶದ ಐದು ಕಡೆ ಒಣಬೇಸಾಯದ ಸಂಶೋಧನೆ ಶುರುವಾಯಿತು: ಸೊಲ್ಲಾಪುರ, ವಿಜಯಪುರ, ಬಳ್ಳಾರಿ ಹತ್ತಿರದ ಹಗರಿ, ಹರಿಯಾಣದ ರೋಹ್ಟಕ್ ಮತ್ತು ನಮ್ಮ ರಾಯಚೂರು. ಆಗ ನಾವು ನಿಜಾಮರ ಸೀಮೆ. 1954ರಲ್ಲಿ ಬಳ್ಳಾರಿಯಲ್ಲಿ ಮಣ್ಣು ಮತ್ತು ನೀರು ಸಂರಕ್ಷಣೆಯ ಕೇಂದ್ರ ಬಂತು. ಇಷ್ಟು ದಶಕಗಳ ಪ್ರಯೋಗದಿಂದ ತಿಳಿದುಬಂದ ಒಂದು ಸಂಗತಿಯನ್ನು ಒತ್ತಿ ಹೇಳಬೇಕು. ಮಸಾರಿಯಲ್ಲಿ ಒಪ್ಪುವ ಸಮಪಾತಳಿ ಒಡ್ಡು ಆಳವಾದ ಎರೆಯಲ್ಲಿ ಒಪ್ಪುವುದಿಲ್ಲ. ಎರೆ ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಾಯಿಬಿಡುತ್ತದೆ. ಒಡ್ಡೂ ಅದೇ ಮಣ್ಣಿನದಾದ್ದರಿಂದ ಅದೂ ಬಿರಿಯುತ್ತದೆ. ಮೊದಲ ದೊಡ್ಡ ಮಳೆಗೆ ನೀರು ಆ ಬಿರುಕಿನಲ್ಲೇ ದಾರಿ ಮಾಡಿಕೊಂಡು ಒಡ್ಡನ್ನು ಸೀಳುತ್ತದೆ. ಒಡೆಯದಿದ್ದರೆ ಒಡ್ಡಿನ ಬುಡದಲ್ಲಿ ವಾರಗಟ್ಟಲೆ ನೀರು ನಿಂತು ಬೆಳೆ ಕೊಳೆಯುತ್ತದೆ. ಅಲ್ಲಿ ಬೇಕಾದದ್ದು ಹೆಚ್ಚಿನ ನೀರನ್ನು ಮೆಲ್ಲಗೆ ಹೊರಗೆ ಬಿಡುವ ಸಣ್ಣ ಇಳಿಜಾರಿನ ಒಡ್ಡು, ಕೊನೆಯಲ್ಲಿ ಕಲ್ಲಿನ ಕೋಡಿ, ಒಡ್ಡಿನ ಮೇಲೆ ಹುಲ್ಲು. ವಿಜ್ಞಾನ ಇದನ್ನು ಹೇಳಿದೆ. ಆದರೆ ಅಂದಾಜು ಪಟ್ಟಿ ಮೀಟರಿನ ಲೆಕ್ಕದಲ್ಲಿ ತಯಾರಾಗುವಾಗ ಮಣ್ಣಿನ ಬಣ್ಣ ಮರೆತುಹೋಗುತ್ತದೆ. ಎರೆ ಹೊಲದಲ್ಲಿ ತಪ್ಪು ಒಡ್ಡು ಹಾಕಿಸಿಕೊಂಡ ರೈತ ಮರುವರ್ಷ ತಾನೇ ಅದನ್ನು ಕಡಿದು ನೀರು ಬಿಟ್ಟರೆ ಅವನನ್ನು ದೂರಬಾರದು. ಬೆಳೆ ಉಳಿಸಿಕೊಳ್ಳಲು ಅವನಿಗೆ ಬೇರೆ ದಾರಿಯಿಲ್ಲ.

ಕಾಯುವುದಕ್ಕೂ ಹಣ ಬೇಕು ಎಂಬುದು ಸರ್ಕಾರಕ್ಕೆ ಹೊಳೆದೇ ಇಲ್ಲ ಎಂದಲ್ಲ. 2008ರ ಜಲಾನಯನ ಮಾರ್ಗಸೂಚಿಯಲ್ಲಿ ಜಲಾನಯನ ಅಭಿವೃದ್ಧಿ ನಿಧಿ ಎಂಬುದೊಂದಿತ್ತು. ಖಾಸಗಿ ಹೊಲದಲ್ಲಾದ ಕೆಲಸಕ್ಕೆ ರೈತ ನೂರಕ್ಕೆ 10ರಷ್ಟು, ಪರಿಶಿಷ್ಟರು ಮತ್ತು ಸಣ್ಣ, ಅತಿಸಣ್ಣ ರೈತರು 5ರಷ್ಟು ವಂತಿಗೆ ಹಾಕಬೇಕಿತ್ತು. ಯೋಜನೆ ಮುಗಿದ ಮೇಲೆ ಅದರಿಂದ ಆಸ್ತಿಗಳನ್ನು ನೋಡಿಕೊಳ್ಳಬೇಕಿತ್ತು. ಒಳ್ಳೆಯ ವಿಚಾರ. ಆದರೆ ಹೊರೆ ಬಿದ್ದದ್ದು ಯಾರ ಮೇಲೆ ನೋಡಿ. ಕಟ್ಟುವ ಹಣ ಸರ್ಕಾರದ್ದು, ಕಾಯುವ ಹಣ ಐದೆಕರೆ ಮಸಾರಿಯ ರೈತನದು. ಅದೇ ಮಾರ್ಗಸೂಚಿಯ ಹಣ ಹಂಚಿಕೆಯಲ್ಲಿ ಕಾಮಗಾರಿಗಳಿಗೆ ನೂರಕ್ಕೆ 50, ಕೊನೆಯ ಹಂತದ ಬಲಪಡಿಸುವ ಕೆಲಸಕ್ಕೆ 5 ಎಂದಿತ್ತು. ಆಮೇಲೆ ಆ 50 ಏರಿತು, 5 ಇಳಿದು 3 ಆಯಿತು. ನಮ್ಮ ಯೋಜನೆಗಳ ಮನಸ್ಸು ಎತ್ತ ವಾಲಿದೆ ಎಂಬುದಕ್ಕೆ ಈ ಅಂಕಿಗಿಂತ ಬೇರೆ ಸಾಕ್ಷಿ ನನಗೆ ಬೇಡ.

ಸೂಕ್ಷ್ಮ ನೀರಾವರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ಹೆಕ್ಟೇರ್‌ವರೆಗೆ ನೂರಕ್ಕೆ 90 ಸಹಾಯಧನ ಕೊಡುವ ರಾಜ್ಯ ನಮ್ಮದು. ಅದು ಕಡಿಮೆ ಮಾತಲ್ಲ. ಹನಿ ಕೊಳವೆ ಹಾಕಿಸಿಕೊಂಡ ಹೊಲಕ್ಕೆ ಏಳು ವರ್ಷ ಮತ್ತೆ ಸಹಾಯಧನವಿಲ್ಲ. ಅಷ್ಟರಲ್ಲಿ ಇಲಿ, ಅಳಿಲು, ಉಪ್ಪುನೀರು ಆ ಕೊಳವೆಯನ್ನು ಏನು ಮಾಡುತ್ತವೆಂದು ಬಳಸಿದವರಿಗೆ ಗೊತ್ತು.

ಇನ್ನು ಸಿಂಧನೂರಿಗೆ ಬರುತ್ತೇನೆ. ನಿಜವಾಗಿ ಈ ವಿಷಯದ ಗಂಟು ಇರುವುದು ಇಲ್ಲಿ.

ತುಂಗಭದ್ರೆಗೆ ಅಣೆಕಟ್ಟು ಕಟ್ಟಲು 1945ರಲ್ಲಿ ಅಡಿಗಲ್ಲು ಬಿತ್ತು, 1953ಕ್ಕೆ ನೀರು ನಿಂತಿತು. ಎಡದಂಡೆ ಕಾಲುವೆಯನ್ನು ಯೋಜಿಸಿದ್ದು ಬರಗಾಲದ ಸೀಮೆಯನ್ನು ಕಾಪಾಡಲು. ತೆಳ್ಳಗೆ, ಬಹುದೂರ ಹರಡಬೇಕಾದ ನೀರು ಅದು. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂದು ಕಾಗದದಲ್ಲಿ ಗೊತ್ತುಮಾಡಿದ್ದರು. ಹೆಚ್ಚಿನ ಪಾಲು ಜೋಳ, ಹತ್ತಿ, ಶೇಂಗಾದಂಥ ಅರೆಖುಷ್ಕಿ ಬೆಳೆಗಳಿಗೆ, ಭತ್ತಕ್ಕೆ ಸಣ್ಣದೊಂದು ಪಾಲು. ನಡೆದದ್ದು ಬೇರೆ. ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡ ರೈತರು ಭತ್ತದ ಕಸುಬನ್ನು ತಂದರು, ಸ್ಥಳೀಯರು ಕಲಿತರು, ಮಿಲ್ಲುಗಳೆದ್ದವು, ಸಾಲ ಕೊಡುವವರು ಭತ್ತವನ್ನು ನೋಡಿಯೇ ಸಾಲ ಕೊಡತೊಡಗಿದರು. ಈ ಕಾಲುವೆಯ ನೀರು ಯಾರ ಕೈಗೆ ಹೇಗೆ ಸೇರುತ್ತದೆ ಎಂಬುದರ ಮೇಲೆ ನೆದರ್ಲೆಂಡ್ಸಿನ ವಿದ್ವಾಂಸ ಪೀಟರ್ ಮೊಲಿಂಗ ಒಂದು ಗ್ರಂಥವನ್ನೇ ಬರೆದಿದ್ದಾರೆ. ಮೇಲಿನ ತೂಬುಗಳವರು ಎರಡು ಭತ್ತ ತೆಗೆಯುವಾಗ ಮಾನ್ವಿ, ಸಿರವಾರ, ರಾಯಚೂರಿನ ಕೊನೆಭಾಗದವರು ಒಂದು ಬೆಳೆಗೂ ಮುಗಿಲು ನೋಡುತ್ತಾರೆ. ಪ್ರತಿ ವರ್ಷ ಈ ಜಗಳವನ್ನು ಪತ್ರಿಕೆಯಲ್ಲಿ ಓದುತ್ತೇವೆ.

ನಾಟಿ ಭತ್ತ ಎಕರೆಗೆ ಎಷ್ಟು ಕುಡಿಯುತ್ತದೆ? 125 ಸೆಂಟಿಮೀಟರ್ ಎಂದು ಇಟ್ಟುಕೊಂಡರೂ 50 ಲಕ್ಷ ಲೀಟರ್. ಆಗಲೇ ಲೆಕ್ಕ ಹಾಕಿದೆವಲ್ಲ, ಆ ಹೊಂಡಗಳು ಹನ್ನೊಂದಕ್ಕೂ ಮಿಕ್ಕಿ ಬೇಕು. ಲಿಂಗಸುಗೂರಿನ ರೈತ ಒಂದು ಹೊಂಡ ತುಂಬಿಸಿಕೊಳ್ಳಲು ಅರ್ಜಿ, ಪಹಣಿ, ಫೋಟೋ, ವಂತಿಗೆ ಎಂದು ರೈತ ಸಂಪರ್ಕ ಕೇಂದ್ರಕ್ಕೆ ಅಲೆಯುತ್ತಾನೆ. ಅದರ ಹನ್ನೊಂದು ಪಟ್ಟು ನೀರು ಕಾಲುವೆಯ ಪಕ್ಕದ ಎಕರೆಗೆ ಹೆಸರಿಗಷ್ಟೇ ಇರುವ ಕರಕ್ಕೆ ಸಿಗುತ್ತದೆ. ಇದೂ ಸಹಾಯಧನವೇ. ಯೂರಿಯಾದ ಬೆಲೆಯೊಳಗೆ ಅಡಗಿರುವುದೂ ಸಹಾಯಧನ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕೊಡುವ ಉಚಿತ ವಿದ್ಯುತ್ತೂ ಸಹಾಯಧನ. ಇವನ್ನು ಕಿತ್ತುಹಾಕಿ ಎಂದು ನಾನು ಹೇಳುತ್ತಿಲ್ಲ, ರೈತನ ಕೈಗೆ ಬರುವ ಯಾವ ಹಣವೂ ಹೆಚ್ಚಲ್ಲ. ಆದರೆ ‘ನೀರು ಉಳಿಸು’ ಎಂದು ಕೊಡುವ ಹಣಕ್ಕಿಂತ ‘ಹೆಚ್ಚು ನೀರು ಬಳಸು’ ಎಂದು ಕೊಡುವ ಹಣ ಎಷ್ಟೋ ಪಾಲು ದೊಡ್ಡದು. ಸರ್ಕಾರದ ಒಂದು ಕೈ ಒಡ್ಡು ಹಾಕುತ್ತಿದೆ, ಇನ್ನೊಂದು ಕೈ ಅದನ್ನು ಅಗೆಯುತ್ತಿದೆ.

ಅಗೆದದ್ದರ ಫಲವನ್ನು ನೋಡಬೇಕಾದರೆ ಮಾರ್ಚ್ ತಿಂಗಳಲ್ಲಿ ಸಿಂಧನೂರು ಸೀಮೆಯ ತಗ್ಗಿನ ಹೊಲಗಳಿಗೆ ಹೋಗಬೇಕು. ಹಳ್ಳದ ಬದಿಯಲ್ಲಿ, ಬಸಿನೀರು ಬಂದು ಸೇರುವ ಕಡೆ, ನೆಲದ ಮೇಲೆ ಸುಣ್ಣ ಚೆಲ್ಲಿದಂತೆ ಬಿಳಿ ಹೊದಿಕೆ. ಕಾಲಿಟ್ಟರೆ ಮೇಲೆ ಪುಡಿ, ಒಂದು ಗೇಣು ಕೆಳಗೆ ಇನ್ನೂ ತೇವ. ಎರೆಯಲ್ಲಿ ನೀರು ಕೆಳಗಿಳಿಯುವುದು ನಿಧಾನ. ವರ್ಷಾನುಗಟ್ಟಲೆ ನಿಲ್ಲಿಸಿದ ನೀರು ಅಂತರ್ಜಲವನ್ನು ಬೇರಿನ ಹತ್ತಿರಕ್ಕೆ ಎತ್ತುತ್ತದೆ, ಬಿಸಿಲು ನೀರನ್ನು ಎಳೆದುಕೊಂಡು ಉಪ್ಪನ್ನು ಮೇಲೆ ಬಿಡುತ್ತದೆ. ಮೊದಲ ವರ್ಷ ಭತ್ತದ ಗರಿಯ ತುದಿ ಕಂದು, ಆಮೇಲೆ ಅಲ್ಲಲ್ಲಿ ಬೋಳು, ಕಡೆಗೆ ಜಾಲಿ ಬಿಟ್ಟರೆ ಏನೂ ಏಳುವುದಿಲ್ಲ. ಸವಳು ಜವಳು ಎಂದು ಇಲ್ಲಿ ಕರೆಯುವ ಈ ರೋಗ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸುಮಾರು 96 ಸಾವಿರ ಹೆಕ್ಟೇರಿಗೆ ಹಬ್ಬಿದೆ ಎಂಬುದು ಕೃಷಿ ವಿಜ್ಞಾನಿಗಳ ಬರಹಗಳಲ್ಲಿ ಮತ್ತೆ ಮತ್ತೆ ಬರುವ ಅಂಕಿ. ಗಂಗಾವತಿಯ ಸಂಶೋಧನಾ ಕೇಂದ್ರದವರು ಇದಕ್ಕೊಂದು ಮದ್ದನ್ನು ಇಲ್ಲಿ ಪ್ರಯೋಗಿಸಿ ನೋಡಿದ್ದಾರೆ: ನೆಲದೊಳಗೆ ಸುಮಾರು ಒಂದು ಮೀಟರ್ ಆಳದಲ್ಲಿ ರಂಧ್ರವಿರುವ ಕೊಳವೆ ಹೂತು ಉಪ್ಪುನೀರನ್ನು ಬಸಿದು ಹೊರಗೆ ಹಾಕುವುದು. ಕೆಲಸ ಮಾಡುತ್ತದೆ. ಆದರೆ ದುಬಾರಿ, ಒಬ್ಬನ ಹೊಲದಲ್ಲಿ ಮಾಡಿ ಪ್ರಯೋಜನವಿಲ್ಲ. ಕೊಳವೆಯ ಬಾಯಿ ತೆರೆಯುವ ಹಳ್ಳದಲ್ಲಿ ಆಪು, ಹೂಳು ತುಂಬಿದ್ದರೆ ಬಸಿದ ನೀರಿಗೆ ಹೋಗಲು ದಾರಿಯೇ ಇರುವುದಿಲ್ಲ. ಮತ್ತೆ ಅದೇ ಮಾತು ಬಂತು, ಕೊಳವೆಗೆ ಹಣವಿದೆ, ಹಳ್ಳ ಚೊಕ್ಕಟ ಇಡಲು ಹಣವಿಲ್ಲ.

ಭತ್ತ ಬಿಡಿ, ಜೋಳ ಹಾಕಿ ಎಂದು ಭಾಷಣ ಮಾಡುವುದು ಸುಲಭ. ಮೇಲಿನ ಹೊಲದವನು ಭತ್ತಕ್ಕೆ ನೀರು ನಿಲ್ಲಿಸಿದ ಮೇಲೆ ಕೆಳಗಿನವನ ಹೊಲ ತಾನಾಗಿಯೇ ಜೌಗಾಗುತ್ತದೆ. ಅಲ್ಲಿ ಜೋಳ, ಹತ್ತಿ ಬದುಕುವುದಿಲ್ಲ, ಅವನಿಗೆ ಭತ್ತವೇ ಗತಿ. ಬೆಳೆಯನ್ನು ಆರಿಸುವುದು ಒಬ್ಬ ರೈತನಲ್ಲ, ಒಂದು ತೂಬು. ಆದ್ದರಿಂದ ನೀರು ಉಳಿಸಿದ್ದಕ್ಕೆ ಹಣ ಕೊಡುವುದಾದರೆ ಬಿಡಿ ರೈತನಿಗೆ ಕೊಟ್ಟು ಫಲವಿಲ್ಲ. ಒಂದು ತೂಬಿನ ಕೆಳಗಿನ ಎಲ್ಲರೂ ಒಪ್ಪಿ ಒಂದು ಹಂಗಾಮಿಗೆ ನಾಟಿ ಭತ್ತ ಬಿಟ್ಟರೆ, ಅಥವಾ ಕೂರಿಗೆಯಲ್ಲಿ ನೇರ ಬಿತ್ತನೆಗೆ ಬಂದರೆ, ಆ ತೂಬಿಗೆ ಹಣ ಬರಬೇಕು. ನೀರು ಬಳಕೆದಾರರ ಸಹಕಾರ ಸಂಘಗಳು ಬಹಳ ಕಡೆ ಹೆಸರಿಗಿವೆ. ಅವಕ್ಕೆ ಮಾಡಲು ಒಂದು ಕೆಲಸ ಸಿಕ್ಕಂತಾಗುತ್ತದೆ. ಇದಕ್ಕೆ ಒಂದು ಕರಾರು ಬೇಕೇ ಬೇಕು. ಉಳಿದ ನೀರು ಕೊನೆಭಾಗಕ್ಕೆ ಹರಿದದ್ದು ಗೇಜಿನಲ್ಲಿ ಕಾಣಬೇಕು. ಇಲ್ಲದಿದ್ದರೆ ಮೇಲೆ ಉಳಿದ ನೀರನ್ನು ನಡುವಿನವರು ಪಂಪಿಟ್ಟು ಎತ್ತುತ್ತಾರೆ, ಹಣ ಖರ್ಚಾಗುತ್ತದೆ, ಸಿರವಾರದ ಹೊಲ ಒಣಗಿಯೇ ಇರುತ್ತದೆ.

ಇದು ಕನಸಿನ ಮಾತಲ್ಲ. ಹರಿಯಾಣ ಸರ್ಕಾರ 2020ರಲ್ಲಿ ಭತ್ತ ಬಿಟ್ಟು ಬೇರೆ ಬೆಳೆ ಹಾಕಿದವರಿಗೆ ಎಕರೆಗೆ 7,000 ರೂಪಾಯಿ ಘೋಷಿಸಿತು. ಪಂಜಾಬ್ 2022ರಲ್ಲಿ ನೇರ ಬಿತ್ತನೆಯ ಭತ್ತಕ್ಕೆ ಎಕರೆಗೆ 1,500 ರೂಪಾಯಿ ಎಂದಿತು. ಅಮೆರಿಕದವರು ಧೂಳಿನ ಬಿರುಗಾಳಿಗಳಲ್ಲಿ ಹೊಲಗಳೇ ಹಾರಿಹೋದದ್ದನ್ನು ಕಂಡು 1935ರಲ್ಲಿ ಮಣ್ಣು ಸಂರಕ್ಷಣೆಯ ಇಲಾಖೆ ಕಟ್ಟಿದರು. 1985ರ ಕೃಷಿ ಕಾನೂನಿನಲ್ಲಿ, ಬೇಗ ಸವೆಯುವ ಹೊಲವನ್ನು ಉಳದೆ ಹುಲ್ಲು, ಗಿಡ ಬೆಳೆಸಿ ಬಿಟ್ಟವರಿಗೆ 10ರಿಂದ 15 ವರ್ಷ ವರ್ಷಾವರ್ಷ ಬಾಡಿಗೆ ಕೊಡುವ ಒಪ್ಪಂದ ತಂದರು. ಅಲ್ಲಿನಂತೆ ಹೊಲ ಬೀಳು ಬಿಡಲು ನಮ್ಮ ಎರಡೆಕರೆಯವನಿಗೆ ಸಾಧ್ಯವಿಲ್ಲ. ಆ ಯೋಜನೆಯಿಂದ ನಾವು ತೆಗೆದುಕೊಳ್ಳಬೇಕಾದದ್ದು ಒಂದೇ, ವರ್ಷಾವರ್ಷ ಎಂಬ ಮಾತು. ನಮ್ಮಲ್ಲೂ 2019-20ರ ಬಜೆಟ್ಟಿನಲ್ಲಿ ರೈತ ಸಿರಿ ಬಂತು. ನವಣೆ, ಸಾಮೆ, ಹಾರಕ, ಊದಲು ಬೆಳೆದವರ ಖಾತೆಗೆ ಹೆಕ್ಟೇರಿಗೆ 10,000 ರೂಪಾಯಿ. ಸಲಕರಣೆಗಲ್ಲ, ಕಾಮಗಾರಿಗಲ್ಲ, ಕಡಿಮೆ ನೀರಿನ ಬೆಳೆಯನ್ನು ಆರಿಸಿಕೊಂಡದ್ದಕ್ಕೆ ಕೊಟ್ಟ ಹಣ ಅದು. ಆ ಯೋಜನೆ ಸಣ್ಣದು, ಆದರೆ ದಾರಿ ಸರಿಯಾದದ್ದು.

ಹೀಗೆ ಕಾಯುವ ಕೆಲಸಕ್ಕೆ ಹಣ ಕೊಡುವುದು ಕನ್ನಡ ನಾಡಿಗೆ ಹೊಸದೂ ಅಲ್ಲ. ನಮ್ಮ ಶಾಸನಗಳಲ್ಲಿ ಕೆರೆ ಕಟ್ಟಿಸಿದವರ ಹೆಸರಿನ ಜೊತೆಗೇ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ದತ್ತಿಗಳು ಬರುತ್ತವೆ. ಕೆರೆಯ ಕೆಳಗೆ ಇಂತಿಷ್ಟು ಗದ್ದೆ, ಅದರ ಹುಟ್ಟುವಳಿ ಕೆರೆಯ ದುರಸ್ತಿಗೆ. ಹೂಳು ಹೊರುವ ಬಂಡಿಗೆ, ಬಂಡಿ ಹೊಡೆಯುವವನ ಜೀವನಕ್ಕೆ ಭೂಮಿ ಬಿಟ್ಟುಕೊಟ್ಟ ದಾಖಲೆಗಳೂ ಇವೆ. ಕಟ್ಟುವ ದಿನವೇ ಕಾಯುವವನ ಊಟವನ್ನೂ ಅವರು ಗೊತ್ತುಮಾಡಿದ್ದರು. ನೂರಾರು ವರ್ಷ ಕೆರೆಗಳು ಉಳಿದದ್ದು ಕಟ್ಟಿದ ಅರಸರ ಪುಣ್ಯದಿಂದಷ್ಟೇ ಅಲ್ಲ, ಆ ಬಂಡಿಯವರಿಂದ.

ಇನ್ನು ಹಣ ಯಾರ ಖಾತೆಗೆ ಎಂಬ ಪ್ರಶ್ನೆ. ಈಗ ಎಲ್ಲ ಸಹಾಯಧನವೂ ಪಹಣಿಯ ಹೆಸರು, ಫ್ರೂಟ್ಸ್ ರೈತ ನೋಂದಣಿ ಸಂಖ್ಯೆ, ಆಧಾರ್ ಜೋಡಣೆಯಾದ ಖಾತೆ ಎಂಬ ಹಾದಿಯಲ್ಲೇ ಹೋಗುತ್ತದೆ. ದಲ್ಲಾಳಿಗಳ ಕೈ ಕಡಿಮೆಯಾದದ್ದು ನಿಜ, ಅದಕ್ಕೆ ಸಂತೋಷಪಡೋಣ. ಆದರೆ ಈ ಸೀಮೆಯಲ್ಲಿ ಉಳುವವನೇ ಪಹಣಿಯಲ್ಲಿರುತ್ತಾನೆಯೇ? ಸಿಂಧನೂರು ಅಚ್ಚುಕಟ್ಟಿನಲ್ಲಿ ಲಾವಣಿ, ಪಾಲು ಎಷ್ಟಿದೆ ಎಂದು ನಿಮಗೇ ಗೊತ್ತು. 1974ರ ಭೂಸುಧಾರಣಾ ತಿದ್ದುಪಡಿ ಗೇಣಿಯನ್ನು ನಿಷೇಧಿಸಿತು. ಅದು ಲಕ್ಷಾಂತರ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿದ ಕಾನೂನು, ಅದಕ್ಕೆ ಕೈಮುಗಿಯುತ್ತೇನೆ. ಆದರೆ ಇವತ್ತು ಬಾಯಿಮಾತಿನಲ್ಲೇ ನಡೆಯುತ್ತಿರುವ ಲಾವಣಿಯವನಿಗೆ ಕಾಗದವೇ ಇಲ್ಲ. ಒಡ್ಡಿನ ಹಣ ಊರುಬಿಟ್ಟ ಹೊಲದೊಡೆಯನ ಖಾತೆಗೆ ಹೋಗುತ್ತದೆ, ಮಳೆಯಲ್ಲಿ ಸಲಿಕೆ ಹಿಡಿದು ಒಡ್ಡಿಗೆ ಮಣ್ಣು ಹಾಕುವವನು ಬೇರೆ. ಮುಂದಿನ ವರ್ಷ ಈ ಹೊಲ ತನ್ನ ಕೈಯಲ್ಲಿರುತ್ತದೋ ಇಲ್ಲವೋ ತಿಳಿಯದವನು ಹತ್ತು ವರ್ಷಕ್ಕೆ ಫಲ ಕೊಡುವ ಮಣ್ಣಿನ ಕೆಲಸವನ್ನು ಯಾಕೆ ಮಾಡಬೇಕು? ವಾರ್ಷಿಕ ನಿರ್ವಹಣೆಯ ಹಣಕ್ಕೆ ಪಹಣಿ ಬೇಕಿಲ್ಲ. ಆ ಹಂಗಾಮಿನ ಬೆಳೆ ಸಮೀಕ್ಷೆಯಲ್ಲಿ ಹೊಲದಲ್ಲಿ ನಿಂತವನು ಯಾರೆಂದು ಬರೆದುಕೊಂಡು, ಗ್ರಾಮಸಭೆಯಲ್ಲಿ ಓದಿಸಿ, ಅವನಿಗೇ ಕೊಡಬಹುದು. ಗೇಣಿಯ ಹಕ್ಕು ಬರುತ್ತದೆಂಬ ಹೊಲದೊಡೆಯರ ಹೆದರಿಕೆಯನ್ನು ಒಂದು ಸಾಲಿನ ಸ್ಪಷ್ಟನೆಯಿಂದ ನೀಗಿಸಬಹುದು.

ಹಣ ಎಲ್ಲಿಂದ ಎಂದು ಕೇಳುವವರಿದ್ದಾರೆ. ಅವರಿಗೆ ತುಂಗಭದ್ರಾ ಜಲಾಶಯವನ್ನು ತೋರಿಸುತ್ತೇನೆ. ಕಟ್ಟಿದಾಗ ಅದರ ಸಾಮರ್ಥ್ಯ 133 ಟಿಎಂಸಿ ಅಡಿ. 2016ರ ಸಮೀಕ್ಷೆಯಲ್ಲಿ 105.788. ಉಳಿದ 27 ಟಿಎಂಸಿಯ ಜಾಗದಲ್ಲಿ ಈಗ ಹೂಳು ಕೂತಿದೆ, 77 ಕೋಟಿ ಘನ ಮೀಟರ್. ಅದರಲ್ಲಿ ಬಹುಪಾಲು ಮೇಲಿನ ಜಿಲ್ಲೆಗಳ ಹೊಲ, ಗುಡ್ಡಗಳ ಮಣ್ಣು. ಅಲ್ಲಿ ಒಡ್ಡು ಕಾಯದೆ ಹೋದದ್ದರ ಬೆಲೆಯನ್ನು ಇಲ್ಲಿ ಸಿಂಧನೂರಿನವರು ಎರಡನೇ ಬೆಳೆಯ ನೀರಿನಲ್ಲಿ ತೆರುತ್ತಿದ್ದಾರೆ. ಆ ನೀರಿಗಾಗಿ ನವಲಿಯಲ್ಲಿ ಸಮಾನಾಂತರ ಜಲಾಶಯ ಕಟ್ಟಬೇಕೆಂಬ ಬೇಡಿಕೆ ಎಷ್ಟೋ ವರ್ಷಗಳಿಂದ ಇದೆ. ಅದಕ್ಕೆ ಸಾವಿರಾರು ಕೋಟಿಯ ಮಾತಾಡುವವರು ಒಡ್ಡಿಗೆ ವರ್ಷಕ್ಕೊಮ್ಮೆ ಮಣ್ಣು ಹಾಕುವ ಕೂಲಿಗೆ ಹಣವಿಲ್ಲ ಎನ್ನಬಾರದು. 2024ರ ಆಗಸ್ಟ್ 10ರ ರಾತ್ರಿ ಆ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ಎಪ್ಪತ್ತು ವರ್ಷ ನೀರು ಹಿಡಿದಿದ್ದ ಗೇಟು. ಹೊಸದನ್ನು ಕಟ್ಟುವ ಉತ್ಸಾಹ ಹಳೆಯದನ್ನು ನೋಡಿಕೊಳ್ಳುವಲ್ಲಿ ಇಲ್ಲದಿದ್ದರೆ ಏನಾಗುತ್ತದೆಂದು ಅಂದು ಇಡೀ ಅಚ್ಚುಕಟ್ಟು ಎದೆ ಹಿಡಿದುಕೊಂಡು ನೋಡಿತು.

ಲೆಕ್ಕ ತಪ್ಪುತ್ತದೆ, ವಾರ್ಷಿಕ ಹಣ ದುರುಪಯೋಗವಾಗುತ್ತದೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಒಮ್ಮೆ ಕೊಟ್ಟು ಮರೆಯುವ ಹಣಕ್ಕಿಂತ ವರ್ಷಾವರ್ಷ ಹೊಲಕ್ಕೆ ಹೋಗಿ ನೋಡಿ ಕೊಡುವ ಹಣದಲ್ಲಿ ಮೋಸ ಮಾಡುವುದು ಕಷ್ಟ. ಹೊಂಡ ತೋಡಿದಾಗ ಅಕ್ಷಾಂಶ, ರೇಖಾಂಶದೊಂದಿಗೆ ತೆಗೆದ ಫೋಟೋ ಇಲಾಖೆಯ ಬಳಿ ಇದ್ದೇ ಇದೆ. ಮುಂದಿನ ಮೇ ತಿಂಗಳಲ್ಲಿ ಅದೇ ಜಾಗದಿಂದ ಇನ್ನೊಂದು ಫೋಟೋ ತೆಗೆದರೆ ಹೂಳು ಎಷ್ಟು, ಹೊದಿಕೆ ಹೇಗಿದೆ, ಬೇಲಿ ನಿಂತಿದೆಯೇ ಎಂದು ತಿಳಿಯುತ್ತದೆ. ನೋಡಿಕೊಂಡಿದ್ದರೆ ಹಣ, ಇಲ್ಲದಿದ್ದರೆ ಇಲ್ಲ. ಆ ಹೂಳು ತೆಗೆದು ಹೊಲಕ್ಕೆ ಹಾಕಿದರೆ ಅದು ಗೊಬ್ಬರವೂ ಹೌದು.

ಈ ಸಭೆಯಲ್ಲಿರುವ ಕೃಷಿ ಅಧಿಕಾರಿಗಳೇ, ಮೇಲಿನವರಿಗೆ ಬರೆಯುವಾಗ ಹೊಸ ಗುರಿಯ ಸಂಖ್ಯೆಯ ಜೊತೆ ಹಳೆಯ ಹೊಂಡಗಳಲ್ಲಿ ಇನ್ನೂ ನೀರು ಹಿಡಿಯುವವು ಎಷ್ಟು ಎಂಬುದನ್ನೂ ಬರೆಯಿರಿ. ಪತ್ರಿಕೆಯ ಮಿತ್ರರೇ, ಉದ್ಘಾಟನೆಯ ದಿನ ಬರೆದ ಯೋಜನೆಯ ಬಗ್ಗೆ ಐದು ವರ್ಷದ ಮೇಲೆ ಮತ್ತೊಮ್ಮೆ ಬರೆಯಿರಿ. ಇಲ್ಲಿರುವ ಕೃಷಿ ವಿದ್ಯಾರ್ಥಿಗಳೇ, ನಿಮ್ಮ ಊರಿನ ಒಂದೊಂದು ಒಡ್ಡನ್ನು ಅಳೆದು ಪಟ್ಟಿ ಮಾಡಿ, ಆ ಪಟ್ಟಿಗೆ ಬೆಲೆ ಬರುತ್ತದೆ. ರೈತ ಬಂಧುಗಳಲ್ಲಿ ನನ್ನದೊಂದೇ ಕೋರಿಕೆ. ಈ ಸಲದ ಗ್ರಾಮಸಭೆಯಲ್ಲಿ ಹೊಸ ಹೊಂಡದ ಬೇಡಿಕೆಯ ಕೆಳಗೆ ಇನ್ನೊಂದು ಸಾಲು ಬರೆಸಿ: ಇರುವ ಒಡ್ಡು, ಹೊಂಡ, ಬಸಿಗಾಲುವೆಗಳ ವಾರ್ಷಿಕ ನಿರ್ವಹಣೆಗೆ, ಉಳುವವರ ಹೆಸರಿನಲ್ಲಿ, ಎಕರೆವಾರು ಹಣ. ನಡಾವಳಿಯಲ್ಲಿ ಆ ಸಾಲು ದಾಖಲಾಗದೆ ಸಹಿ ಮಾಡಬೇಡಿ.